ಹಳೆಯ ಜೀಪು

ನಿವೃತ್ತಿಯ ಹಣದಲ್ಲಿ ಅರ್ಧವನ್ನು ತೆತ್ತು ನಾನು ಹಳೆಯ ಡೀಸೆಲ್ ಜೀಪೊಂದನ್ನು ಕೊಂಡಾಗ ನಮ್ಮ ಮನೆಯವರು ಏನೂ ಆಡಲಿಲ್ಲ. ಮದಲೂರಿನಲ್ಲಿ ನಮ್ಮ ಹೊಲದ ದಾರಿಯು ಮಳೆಗಾಲದಲ್ಲಿ ಬರಿಯ ಕೆಸರು. ನಾಲ್ಕು ಚಕ್ರಗಳೂ ಎಳೆಯುವ ಗಾಡಿಯೇ ಬೇಕೆಂಬುದು ನನ್ನ ವಾದವಾಗಿತ್ತು.

ಕಳೆದ ಚೈತ್ರದಲ್ಲಿ ಹುಣಸೆಹಣ್ಣಿನ ಮೂಟೆಗಳನ್ನು ಹೇರಿಕೊಂಡು ಶಿರಾ ಪೇಟೆಗೆ ಹೊರಟೆನು. ನಡುದಾರಿಯಲ್ಲಿ ಮೊಮ್ಮಗನು, "ತಾತ, ಮುಳ್ಳು ಕೆಂಪು ಗೆರೆಗೆ ಬಂತು" ಎಂದು ಎರಡು ಸಲ ಹೇಳಿದನು. "ಇನ್ನೇನು ಶಿರಾ ಬಂತು, ಸುಮ್ಮನಿರು" ಎಂದು ಗದರಿದೆನು. ಅರ್ಧ ಮೈಲಿಯೊಳಗೆ ಬಿಳಿಯ ಹೊಗೆಯೆದ್ದು ಎಂಜಿನು ನಿಂತಿತು. ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಕ್ಕುವಷ್ಟರಲ್ಲಿ ಲಾರಿಯವನೊಬ್ಬನು, "ಸ್ವಾಮೀ, ಮುಟ್ಟಬೇಡಿ! ಕುದಿನೀರು ಮುಖಕ್ಕೆ ಹಾರುತ್ತೆ" ಎಂದು ಕೂಗಿ ನನ್ನನ್ನುಳಿಸಿದನು.

ರಬ್ಬರು ಕೊಳವೆಯು ಬಿರಿದು ನೀರು ಸೋರಿತ್ತು. ಮೇಸ್ತ್ರಿಯು ಎಣ್ಣೆಯ ಕಡ್ಡಿಯನ್ನೆಳೆದು ತೋರಿಸಿದನು. ಎಣ್ಣೆಯು ಹಾಲು ಬೆರೆಸಿದ ಕಾಫಿಯಂತಿದ್ದಿತು. ೧೮೯೭ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಮಹಾಶಯನು ನಡೆಯಿಸಿ ತೋರಿಸಿದ ಈ ಯಂತ್ರದಲ್ಲಿ ಕಿಡಿಯ ಹಂಗಿಲ್ಲ; ಬಲವಾಗಿ ಒತ್ತಲ್ಪಟ್ಟ ಗಾಳಿಯ ಕಾವಿಗೇ ಎಣ್ಣೆ ಉರಿಯುವುದು. ಆ ಒತ್ತಡವನ್ನು ತಡೆದಿಡುವುದು ಗ್ಯಾಸ್ಕೆಟ್ಟೆಂಬ ತೆಳುವಾದ ಹಾಳೆ. ಅದು ಸುಟ್ಟಿತೆಂದರೆ ನೀರು ಎಣ್ಣೆಗೆ ಸೇರಿ ಬೇರಿಂಗುಗಳನ್ನು ಕೆಡಿಸುವುದು. ಮುಳ್ಳು ಏರಿದೊಡನೆ ನಿಲ್ಲಿಸಿದ್ದರೆ ಕೊಳವೆಯ ಬೆಲೆಯಲ್ಲೇ ಮುಗಿಯುತ್ತಿತ್ತಂತೆ.

ಉಳಿದರ್ಧದಲ್ಲಿಯೂ ದೊಡ್ಡ ಪಾಲು ರಿಪೇರಿಗೆ ಹೋಯಿತು. ಮನೆಯವರು ಆಗಲೂ ಏನೂ ಆಡಲಿಲ್ಲ; ಅದೇ ನನಗೆ ದುಸ್ಸಹವಾಯಿತು. "ತಪ್ಪು ನನ್ನದಪ್ಪಾ" ಎಂದು ಮೊಮ್ಮಗನಿಗೆ ಹೇಳಲು ಮೂರು ದಿನ ಬೇಕಾಯಿತು. ನಲವತ್ತು ವರುಷ ಹುಡುಗರನ್ನು ಗದರಿದ ನಾಲಗೆಯಲ್ಲವೇ!

ಈಗ ಅವನು ಪಕ್ಕದಲ್ಲಿ ಕುಳಿತು ಮುಳ್ಳನ್ನು ಕಾಯುತ್ತಾನೆ. "ನಿಲ್ಲಿಸು ತಾತ" ಎಂದರೆ ನಿಲ್ಲಿಸುತ್ತೇನೆ.