ತಾಹೊ ಸುತ್ತಿದ ಊರು

ಮ್ಯಾಡ್ರಿಡ್‌ನಿಂದ ಟೊಲೆಡೊ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್. ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಇಳಿದವರೆಲ್ಲ ಅಲ್ಕಾಂತರಾ ಸೇತುವೆ ದಾಟಿ ಊರೊಳಗಿನ ಓಣಿಗಳತ್ತ ನಡೆದರು. ನಾನು ಸೇತುವೆ ದಾಟಲಿಲ್ಲ. ನದಿಯನ್ನು ಬಲಕ್ಕೆ ಇಟ್ಟುಕೊಂಡು, ಹೊರದಂಡೆಯ ರಸ್ತೆ ಹಿಡಿದು ಏರತೊಡಗಿದೆ. ಈ ಊರನ್ನು ಮೊದಲು ಹೊರಗಿನಿಂದ, ಮೇಲಿನಿಂದ ನೋಡಬೇಕು. ಒಳಗೆ ಹೋಗುವುದು ಆಮೇಲೆ. ನವೆಂಬರ್ ತಿಂಗಳು, ಚಳಿಗಾಳಿ, ಬಂಡೆಗಳ ನಡುವೆ ಆಲಿವ್ ಮರಗಳು. ತಿರುವು ತಿರುವಿಗೂ ಊರು ತುಸು ಹೊರಳಿ ಇನ್ನೊಂದು ಮೈ ತೋರಿಸುತ್ತಿತ್ತು.

ಮಿರಾದೋರ್ ದೆಲ್ ವಾಯೆ ಎಂಬ ನೋಟದ ಕಟ್ಟೆ ತಲುಪಿದಾಗ ಕ್ಯಾಮೆರಾ ಕೈಗೆತ್ತಿಕೊಳ್ಳಲೂ ಮನಸ್ಸಾಗಲಿಲ್ಲ, ಕಣ್ಣಿಗೆ ಅಷ್ಟು ಕೆಲಸವಿತ್ತು. ಆಳದ ಕಮರಿಯಲ್ಲಿ ತಾಹೊ ನದಿ. ಅದರಾಚೆ ಗುಡ್ಡದ ತುಂಬ ಮಣ್ಣಿನ ಬಣ್ಣದ ಮನೆಗಳು, ಒಂದರ ಭುಜಕ್ಕೆ ಒಂದು ಒರಗಿದಂತೆ. ಬಲಕ್ಕೆ ನಾಲ್ಕು ಮೂಲೆಗೆ ನಾಲ್ಕು ಗೋಪುರಗಳ ಅಲ್ಕಾಸರ್ ಕೋಟೆ, ಎಡಕ್ಕೆ 1226ರಲ್ಲಿ ಕಟ್ಟಲು ಆರಂಭಿಸಿದ ಕ್ಯಾಥೆಡ್ರಲ್‌ನ ಚೂಪು ಶಿಖರ. ನದಿ ಪೂರ್ವದಲ್ಲಿ ಊರನ್ನು ಮುಟ್ಟಿ, ದಕ್ಷಿಣಕ್ಕೆ ಬಳಸಿ, ಪಶ್ಚಿಮದಲ್ಲಿ ಕೈಬಿಡುತ್ತದೆ. ಮೂರು ದಿಕ್ಕಿಗೆ ನೀರಿನ ಕಾವಲು. ಗೋಡೆಯ ಗಟ್ಟಿ ಕೆಲಸವೆಲ್ಲ ಉತ್ತರಕ್ಕೆ. ರೋಮನ್ನರು, ವಿಸಿಗೋಥರು, ಅರಬರು, 1085ರಲ್ಲಿ ಊರನ್ನು ಗೆದ್ದ ದೊರೆ ಆರನೇ ಅಲ್ಫೋನ್ಸೊ, ಎಲ್ಲರೂ ಇದೇ ಗುಡ್ಡವನ್ನು ಬಯಸಿದ್ದು ಯಾಕೆಂದು ಇಲ್ಲಿ ನಿಂತರೆ ಯಾರೂ ಹೇಳಿಕೊಡಬೇಕಿಲ್ಲ.

ಆದರೂ ಒಂದು ಸೋಜಿಗ ಉಳಿಯುತ್ತದೆ. ಉತ್ತರದಲ್ಲಿ ಮೆದು ಮಣ್ಣಿನ ಬಯಲಿರುವಾಗ ನದಿ ಈ ಗಟ್ಟಿ ಬಂಡೆಯನ್ನೇ ಕೊರೆದದ್ದು ಹೇಗೆ? ಒಂದಾನೊಂದು ಕಾಲದಲ್ಲಿ ಬಂಡೆಯ ಮೇಲೂ ಮೆದು ಪದರವಿತ್ತು. ನದಿ ಆ ಪದರದಲ್ಲಿ ಬಳಸು ಹಾದಿ ಹಿಡಿದಿತ್ತು. ಮಣ್ಣು ಸವೆದು ಬಂಡೆ ತಗುಲಿದ ಮೇಲೂ ಹಾದಿ ಬಿಡಲಿಲ್ಲ, ಕೊರೆಯುತ್ತಲೇ ಇಳಿಯಿತು. ಟೊಲೆಡೊ ನಿಂತಿರುವುದು ಆ ಹಟದ ಮೇಲೆ.

ಆದ್ದರಿಂದಲೇ ನದಿಯಿಲ್ಲದ ಟೊಲೆಡೊ ಚಿತ್ರ ನನಗೆ ಅರ್ಧ ಚಿತ್ರ. ಕಟ್ಟೆಯ ಬಳಿ ನಿಂತವರಲ್ಲಿ ಹೆಚ್ಚಿನವರು ಕೋಟೆಗೂ ಶಿಖರಕ್ಕೂ ಝೂಮ್ ಮಾಡಿ ಕ್ಲಿಕ್ಕಿಸಿ ಬಸ್ ಹತ್ತುತ್ತಿದ್ದರು. ದೂರದ ಲೆನ್ಸ್ ಮನೆಗಳನ್ನು ಒತ್ತೊತ್ತಾಗಿ ತೋರಿಸುತ್ತದೆ, ನಿಜ, ಆದರೆ ಕಮರಿ ಕಾಣೆಯಾಗುತ್ತದೆ. ಅಗಲದ ಲೆನ್ಸ್ ಹಾಕಿದರೆ ನದಿ ಸಿಗುತ್ತದೆ, ಊರು ಕುಗ್ಗುತ್ತದೆ. ಕ್ಯಾಮೆರಾ ಕೆಳಕ್ಕೆ ಬಾಗಿಸಿದರೆ ಗೋಪುರಗಳು ಓರೆಯಾಗುತ್ತವೆ. ನಾನು ಕಂಡುಕೊಂಡ ದಾರಿ ಇದು: ಟ್ರೈಪಾಡ್ ಮಟ್ಟ ಮಾಡಿ, ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ, ಎಡದಿಂದ ಬಲಕ್ಕೆ ಒಂದರ ಮೂರನೇ ಒಂದು ಪಾಲು ಇನ್ನೊಂದರ ಮೇಲೆ ಬರುವಂತೆ ತೆಗೆದು, ಆಮೇಲೆ ಜೋಡಿಸುವುದು. ಬೆಳಕು ಈ ಜಾಗದಲ್ಲಿ ಉದಾರಿ. ನಾವು ಉತ್ತರಕ್ಕೆ ಮುಖಮಾಡಿರುವುದರಿಂದ ಚಳಿಗಾಲದ ಸೂರ್ಯ ಬೆನ್ನ ಹಿಂದೆಯೇ ಸಾಗುತ್ತಾನೆ. ಸಂಜೆ ಎಡಭುಜದ ಮೇಲಿಂದ ಓರೆಯಾಗಿ ಬಿದ್ದ ಬಿಸಿಲಿಗೆ ಇಟ್ಟಿಗೆಯ ಒಂದೊಂದು ಗೋಡೆಗೂ ನೆರಳು ಹುಟ್ಟಿ, ಊರಿಗೆ ಮೈಯುಬ್ಬು ಬಂತು.

ಇಲ್ಲಿ ಚಿತ್ರಕಾರ ಎಲ್ ಗ್ರೆಕೊ ನೆನಪಾಗದೆ ಇರುವುದಿಲ್ಲ. ಕ್ರೀಟ್ ದ್ವೀಪದಲ್ಲಿ ಹುಟ್ಟಿ, 1577ರಲ್ಲಿ ಟೊಲೆಡೊಗೆ ಬಂದು, 1614ರಲ್ಲಿ ಇಲ್ಲೇ ಸತ್ತವನು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಅವನ 'ಟೊಲೆಡೊ ನೋಟ' ಉತ್ತರದ ಕಡೆಯಿಂದ ಕಂಡದ್ದು. ಅಲ್ಲಿಂದ ಕ್ಯಾಥೆಡ್ರಲ್ ಬಲಕ್ಕಿದ್ದು ಚೌಕಟ್ಟಿನಿಂದ ಹೊರಗುಳಿಯಬೇಕು. ಅವನು ಅದನ್ನು ಎತ್ತಿ ಅಲ್ಕಾಸರ್‌ನ ಎಡಕ್ಕೆ ಇಟ್ಟ. ಕಟ್ಟೆಯ ಮೇಲೆ ನಿಂತಾಗ ನನಗೆ ಹೊಳೆಯಿತು: ಅವನು ಬರೆದ ಆ ಕ್ರಮ ದಕ್ಷಿಣದ ಈ ಗುಡ್ಡದಿಂದ ನೋಡಿದವರಿಗೆ ಸಹಜವಾಗಿಯೇ ಸಿಗುತ್ತದೆ! ಫೋಟೊ ತೆಗೆಯುವವನು ಕಟ್ಟಡ ಎತ್ತಿಡಲಾರ, ತಾನೇ ನಡೆದು ನದಿಯ ಇನ್ನೊಂದು ಬದಿಗೆ ಬರಬೇಕು. ಎಲ್ ಗ್ರೆಕೊ ಬದಲಿಸದೆ ಉಳಿಸಿದ ಒಂದು ಸಂಗತಿಯೂ ಇದೆ: ಅವನ ಚಿತ್ರದಲ್ಲಿ ಸೇತುವೆಯಿದೆ, ಅದರಡಿ ನದಿಯಿದೆ.

ಮೇಲಿನ ಊರಿಗೆ ಕೆಳಗಿನ ನೀರು ಸುಲಭಕ್ಕೆ ಸಿಕ್ಕಿದ್ದಲ್ಲ. ಹದಿನಾರನೇ ಶತಮಾನದಲ್ಲಿ ಇಟಲಿಯ ಯಂತ್ರಜ್ಞ ಹ್ವಾನೆಲೊ ತುರ್ರಿಯಾನೊ, ನದಿಯ ಹರಿವಿನಿಂದಲೇ ತಿರುಗುವ ಚಕ್ರದ ಬಲದಲ್ಲಿ ಸುಮಾರು 100 ಮೀಟರ್ ಎತ್ತರದ ಅಲ್ಕಾಸರ್‌ಗೆ ನೀರೇರಿಸಿದ. ನೀರು ಅರಮನೆಯ ಪಾಲಾಯಿತೆಂದು ಊರಿನವರು ಹಣ ಕೊಡಲಿಲ್ಲ. ಅಂಥ ಬುದ್ಧಿವಂತ 1585ರಲ್ಲಿ ಇಲ್ಲೇ ಬಡತನದಲ್ಲಿ ತೀರಿಕೊಂಡ. ಅಷ್ಟರಲ್ಲಿ ಎರಡನೇ ಫಿಲಿಪ್‌ನ ಆಸ್ಥಾನವೂ ಮ್ಯಾಡ್ರಿಡ್‌ಗೆ ಹೋಗಿಯಾಗಿತ್ತು, 1561ರಲ್ಲೇ. ಊರು ಹಳೆಯ ಮೈಕಟ್ಟಿನಲ್ಲೇ ಉಳಿಯಲು ಅದೂ ಒಂದು ಕಾರಣ. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಸಂಜೆ ವಾಯುವಿಹಾರಕ್ಕೆ ಬಂದ ಸ್ಥಳೀಯ ಹಿರಿಯರೊಬ್ಬರು ನನ್ನ ಲೆನ್ಸ್ ಕೆಳಗಿನ ನೀರಿನತ್ತ ತಿರುಗಿದ್ದನ್ನು ಕಂಡು ನಿಂತರು. ನನ್ನ ಹರಕು ಸ್ಪ್ಯಾನಿಷ್‌ಗೆ ತಾಳ್ಮೆಯಿಂದ ಕಿವಿಗೊಟ್ಟು, ಕೆಳಗಿನ ದಂಡೆಯತ್ತ ಬೆರಳು ಮಾಡಿ, "ನಾನು ಈಜು ಕಲಿತದ್ದು ಅಲ್ಲೇ. ನಿಮ್ಮ ಫೋಟೊದಲ್ಲಿ ಅದೂ ಇರಲಿ," ಎಂದರು. ಇಲ್ಲಿ ಈಜುವುದನ್ನು 1972ರಲ್ಲಿ ನಿಷೇಧಿಸಿದರು. ಮ್ಯಾಡ್ರಿಡ್‌ನ ಕೊಳೆ ಹರಾಮಾ ನದಿಯ ಮೂಲಕ ತಾಹೊ ಸೇರುತ್ತದೆ. ಮೇಲ್ಭಾಗದ ಶುದ್ಧ ನೀರಿನಲ್ಲಿ ಒಂದು ಪಾಲು 1979ರಿಂದ ಕಾಲುವೆಯಲ್ಲಿ ಆಗ್ನೇಯದ ಸೆಗುರಾ ಬಯಲಿಗೆ ಹೋಗುತ್ತದೆ. ಕೊಳೆ ತೊಳೆಯುವಷ್ಟು ಹರಿವು ನದಿಗೆ ಉಳಿದಿಲ್ಲ. ಜೋಡಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಒಡ್ಡಿನ ಕೆಳಗೆ ಬಿಳಿ ನೊರೆ ಸ್ಪಷ್ಟವಾಗಿ ಕಾಣುತ್ತದೆ. ಅಂದವಾಗಲೆಂದು ಅದನ್ನು ಅಳಿಸಲು ಎರಡು ನಿಮಿಷ ಸಾಕು. ನಾನು ಅಳಿಸಿಲ್ಲ, ಕತ್ತರಿಸಿಯೂ ಇಲ್ಲ. ಅಚ್ಚಿಗೆ ಕೊಡುವಾಗಲೂ ಹಾಗೇ ಕೊಟ್ಟಿದ್ದೇನೆ.