ಎರಡೂ ಕಡೆ ಔಟ್

ಸಾಮಾನ್ಯ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್‌ಗೆ ಚಿತ್ರವನ್ನು ಹೊರಗೆ ಕಳಿಸುವುದಷ್ಟೇ ಗೊತ್ತು, ಒಳಗೆ ಬರಮಾಡಿಕೊಳ್ಳುವುದು ಗೊತ್ತಿಲ್ಲ. ಇಷ್ಟು ಸಣ್ಣ ಸಂಗತಿ ನನಗೆ ತಿಳಿದಿರಲಿಲ್ಲ. ಅದೂ ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡು, ನೆಂಟರಿಷ್ಟರ ಮನೆಯ ಪ್ರಿಂಟರು, ರೂಟರು ಸರಿಮಾಡಿಕೊಟ್ಟು ಹೆಸರು ಮಾಡಿದ್ದವನಿಗೆ!

2019ರಲ್ಲಿ ಬೆಂಗಳೂರಿನ ಬಿಟಿಎಂ ಲೇಔಟಿನ ಒಂದು ಮನೆಯ ಮಹಡಿ ಮೇಲಿನ ರೂಮಿನಲ್ಲಿ ಹಾವೇರಿ ಕಡೆಯ ಗೆಳೆಯನ ಜೊತೆಗಿದ್ದೆ. ಟಿವಿ ಇರಲಿಲ್ಲ, ಇಡಲು ಜಾಗವೂ ಇರಲಿಲ್ಲ. ಆಫೀಸಿನಲ್ಲೊಬ್ಬರು ಮದುವೆ ನಿಶ್ಚಯವಾಯಿತೆಂದು ತಮ್ಮ ಸೋನಿ ಗೇಮ್ ಯಂತ್ರ ಪಿಎಸ್4 ಅನ್ನು ಅಗ್ಗಕ್ಕೆ ಮಾರಿದರು. ಅದರ ಜೊತೆ ಆಗಷ್ಟೇ ಬಂದಿದ್ದ ಕ್ರಿಕೆಟ್ 19 ಆಟದ ಡಿಸ್ಕೂ ಕೈಗೆ ಬಂತು. ಎದರಾಗ ನೋಡ್ತೀಯೋ ಇದನ್ನ ಎಂದು ಗೆಳೆಯ ಕೇಳಿದ್ದಕ್ಕೆ, ಲ್ಯಾಪ್‌ಟಾಪ್ ಇದೆಯಲ್ಲ, ಒಂದು ಕೇಬಲ್ ಹಾಕಿದರೆ ಮುಗೀತು ಎಂದೆ.

ಆ ಧೈರ್ಯ ಸುಮ್ಮನೆ ಬಂದದ್ದಲ್ಲ. ಹಿಂದಿನ ಕಂಪನಿಯಲ್ಲಿ ಐಮ್ಯಾಕ್‌ಗೆ ಇನ್ನೊಂದು ಕಂಪ್ಯೂಟರನ್ನು ಜೋಡಿಸಿ ಮಾನಿಟರಿನಂತೆ ಬಳಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. 2009ರ ಕೊನೆಯಲ್ಲಿ ಬಂದ 27 ಇಂಚಿನ ಐಮ್ಯಾಕ್‌ನಿಂದ ಹಿಡಿದು ಕೆಲವು ವರ್ಷ ಆಪಲ್ ಈ ಸೌಲಭ್ಯವನ್ನು ಬೇಕೆಂದೇ ಕೊಟ್ಟಿತ್ತು. ಏಲಿಯನ್‌ವೇರ್‌ನ ದುಬಾರಿ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲೂ ಕೆಲವಕ್ಕೆ ಎಚ್‌ಡಿಎಂಐ ಇನ್ ಇತ್ತು. ಬೆರಳೆಣಿಕೆಯ ಈ ಯಂತ್ರಗಳನ್ನು ನೋಡಿ ಎಲ್ಲವೂ ಹೀಗೇ ಇರುತ್ತವೆ ಎಂದುಕೊಂಡೆ.

ಕೇಬಲ್ ಹಾಕಿದೆ. ಏನೂ ಬರಲಿಲ್ಲ. ವಿಂಡೋಸ್ ಕೀ ಜೊತೆ ಪಿ ಒತ್ತಿದೆ, ಎಫ್ ಸಾಲಿನ ಬಟನ್ನುಗಳನ್ನೆಲ್ಲ ಒತ್ತಿದೆ, ಡ್ರೈವರ್ ಅಪ್‌ಡೇಟ್ ಮಾಡಿದೆ. ಕೊನೆಗೆ ಕೇಬಲ್ಲೇ ಸರಿಯಿಲ್ಲ ಎಂದು ತೀರ್ಮಾನಿಸಿ ಎಸ್‌ಪಿ ರೋಡಿಗೆ ಹೋಗಿ, ತುದಿಗೆ ಚಿನ್ನದ ಲೇಪ ಇರುವ ದುಬಾರಿ ಕೇಬಲ್ ತಂದೆ. ಅದರಲ್ಲೂ ಬರಲಿಲ್ಲ. ಮತ್ತೆ ಹೋಗಿ, ಗಿರಾಕಿಗಳು ತುಂಬಿದ್ದ ಅಂಗಡಿಯಲ್ಲಿ ಡೂಪ್ಲಿಕೇಟ್ ಮಾಲು ಮಾರುತ್ತೀರಾ ಎಂದು ಕೂಗಾಡಿದೆ. ಅಂಗಡಿಯವರು ಕೇಬಲ್ ತೆಗೆದುಕೊಂಡು ತಮ್ಮದೇ ಟಿವಿಗೆ ಹಾಕಿ ತೋರಿಸಿದರು. ಚಿತ್ರ ಚೆನ್ನಾಗಿಯೇ ಬಂತು. ಯಾವುದರಿಂದ ಯಾವುದಕ್ಕೆ ಹಾಕ್ತಿದೀರ ಎಂದು ಕೇಳಿದರು, ಹೇಳಿದೆ. "ಸಾರ್, ಪಿಎಸ್ ಕಡೇನೂ ಔಟು, ಲ್ಯಾಪ್‌ಟಾಪ್ ಕಡೇನೂ ಔಟು. ಮಧ್ಯ ನಾನು ಅಪ್ಪಟ ಚಿನ್ನದ ಕೇಬಲ್ಲೇ ಕೊಟ್ರೂ ಏನ್ ಬರತ್ತೆ?"

ಪಕ್ಕದಲ್ಲಿದ್ದ ಹುಡುಗರು ನಕ್ಕರು. ನಾನು ಕ್ಷಮೆ ಕೇಳಲಿಲ್ಲ. ರೂಮಿಗೆ ಬಂದು ಗೆಳೆಯನಿಗೆ, ಆ ಅಂಗಡಿಯವನು ಮೋಸಗಾರ ಎಂದೇ ಹೇಳಿದೆ. ಹೋದ ದುಡ್ಡಿಗಿಂತ ಈ ಮಾತು ಈಗಲೂ ಹೆಚ್ಚು ಚುಚ್ಚುತ್ತದೆ.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಎಚ್‌ಡಿಎಂಐ ಕೇಬಲ್ಲಿನ ಎರಡು ತುದಿಯೂ ನೋಡಲು ಒಂದೇ ಥರ, ಆದರೆ ಯಂತ್ರಗಳ ಕೆಲಸ ಬೇರೆ ಬೇರೆ. ಚಿತ್ರ ಕಳಿಸುವ ಯಂತ್ರ 18ನೇ ಪಿನ್ನಿನಲ್ಲಿ 5 ವೋಲ್ಟ್ ಬಿಡುತ್ತದೆ. ಆ ಕಡೆ ಟಿವಿಯೋ ಮಾನಿಟರೋ ಇದ್ದರೆ 19ನೇ ಪಿನ್ನಿನ ಮೂಲಕ, ಇಲ್ಲಿದ್ದೇನೆ ಎಂದು ಉತ್ತರ ಕೊಟ್ಟು ತನ್ನ ಅಳತೆ, ಸಾಮರ್ಥ್ಯದ ವಿವರ ಒಪ್ಪಿಸುತ್ತದೆ. ನನ್ನ ರೂಮಿನಲ್ಲಿ ಪಿಎಸ್4, ಲ್ಯಾಪ್‌ಟಾಪ್ ಎರಡೂ 5 ವೋಲ್ಟ್ ಬಿಟ್ಟುಕೊಂಡು ಉತ್ತರಕ್ಕೆ ಕಾಯುತ್ತಿದ್ದವು. ಇನ್ನು ಲ್ಯಾಪ್‌ಟಾಪಿನ ಪರದೆಗೆ ಒಳಗಿಂದ ಬರುವ ತೆಳ್ಳನೆಯ ಕೇಬಲ್ಲೇ ಬೇರೆ. ಪಕ್ಕದ ಎಚ್‌ಡಿಎಂಐ ಪೋರ್ಟಿನಿಂದ ಪರದೆಗೆ ದಾರಿಯೇ ಇಲ್ಲ.

ಆಮೇಲೆ ಕ್ಯಾಪ್ಚರ್ ಕಾರ್ಡ್ ತರಿಸಿದೆ. ಪೆನ್‌ಡ್ರೈವಿನಷ್ಟೇ ಇರುವ ಸಾಧನ, ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಯುಎಸ್‌ಬಿ. ಲ್ಯಾಪ್‌ಟಾಪಿಗೆ ಅದು ವೆಬ್‌ಕ್ಯಾಮ್‌ನಂತೆ ಕಾಣುತ್ತದೆ, ಒಬಿಎಸ್ ತಂತ್ರಾಂಶದಲ್ಲಿ ತೆರೆದು ನೋಡಬಹುದು. ಮೊದಲಿಗೆ ಬರೀ ಕಪ್ಪು. ಪಿಎಸ್4ನಲ್ಲಿ ನಕಲು ತಡೆಯುವ ಎಚ್‌ಡಿಸಿಪಿ ಬೀಗ ಇರುತ್ತದೆ. ಸೆಟಿಂಗ್ಸ್‌ಗೆ ಹೋಗಿ ಅದನ್ನು ತೆಗೆಯಬಹುದು. ಆದರೆ ಸೆಟಿಂಗ್ಸ್ ನೋಡಲು ಪರದೆ ಬೇಕಲ್ಲ! ಪಿಎಸ್4 ಹೊತ್ತುಕೊಂಡು ಕೆಳಗೆ ಓನರ್ ಆಂಟಿಯ ಮನೆಗೆ ಹೋದೆ. "ಸೀರಿಯಲ್ ಮುಗೀಲಪ್ಪ, ಅಲ್ಲೀವರೆಗೆ ಕೂತ್ಕೋ" ಎಂದು ಕಾಫಿ ಕೊಟ್ಟರು. ಜಾಹೀರಾತು ಬಂದಾಗಲಾದರೂ ಬಿಡುತ್ತಾರೇನೋ ಎಂದುಕೊಂಡೆ, ಬಿಡಲಿಲ್ಲ. ಅಂತೂ ಬೀಗ ತೆಗೆದು ಬಂದೆ.

ಚಿತ್ರ ಬಂತು, ಕುಣಿದಾಡಿದೆವು. ಆಟ ಶುರುವಾದ ಮೇಲೆ ಗೊತ್ತಾಯಿತು ಹಣೆಬರಹ. ಚೆಂಡು ಪಿಚ್ ಆಗುವುದನ್ನು ನೋಡಿ, ಸರಿಯಾದ ಹೊತ್ತಿಗೇ ಬಟನ್ ಒತ್ತುತ್ತೇನೆ. ಬ್ಯಾಟ್ಸ್‌ಮನ್ ಕಲ್ಲಿನಂತೆ ನಿಂತಿರುತ್ತಾನೆ. ಸ್ಟಂಪ್ ಹಾರುತ್ತದೆ. ಅದಾದ ಮೇಲೆ ಅವನು ಸ್ಟೈಲಾಗಿ ಕವರ್ ಡ್ರೈವ್ ಬಾರಿಸುತ್ತಾನೆ. "ಬಾಲ್ ಹೋದಮ್ಯಾಲೆ ಬ್ಯಾಟ್ ಎತ್ತಾಕತ್ತಾನಲ್ಲೋ ನಿಮ್ಮಾಂವ" ಎಂದು ಗೆಳೆಯ ಬಿದ್ದು ಬಿದ್ದು ನಕ್ಕ.

ಲೆಕ್ಕ ಹಾಕಿದರೆ ಇದು ಆಗಲೇಬೇಕಾದದ್ದು. 1080ಪಿ ಚಿತ್ರವನ್ನು ಸೆಕೆಂಡಿಗೆ 60 ಫ್ರೇಮಿನಂತೆ ಇದ್ದದ್ದು ಇದ್ದಂತೆ ಸಾಗಿಸಲು ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್ ಬೇಕು. ನಾನು ತರಿಸಿದ್ದು ಯುಎಸ್‌ಬಿ 2.0 ಕಾರ್ಡು, ಅದರ ಗರಿಷ್ಠ ಮಿತಿಯೇ 48 ಕೋಟಿ. ಹಾಗಾಗಿ ಕಾರ್ಡು ಪ್ರತಿ ಫ್ರೇಮನ್ನೂ ಹಿಂಡಿ ಕಳಿಸಬೇಕು, ಲ್ಯಾಪ್‌ಟಾಪ್ ಅದನ್ನು ಬಿಡಿಸಿ, ಒಬಿಎಸ್‌ಗೆ ಕೊಟ್ಟು, ಆಮೇಲೆ ತೋರಿಸಬೇಕು. ನಾನು ನೋಡುತ್ತಿದ್ದದ್ದು ಆಗಲೇ ಆಗಿಹೋದ ಎಸೆತ. 140 ಕಿ.ಮೀ. ವೇಗದ ಚೆಂಡು ಬೌಲರ್ ಕೈಬಿಟ್ಟು ಬ್ಯಾಟಿಗೆ ತಲುಪಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಅದರಲ್ಲೂ ಒಂದಷ್ಟು ಈ ತಡದಲ್ಲೇ ಕಳೆದುಹೋದರೆ ಎಂಥ ಬ್ಯಾಟ್ಸ್‌ಮನ್ ಆದರೂ ಏನು ಮಾಡಿಯಾನು? ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 4ಕೆ ಎಂದಿತ್ತು. ಅದು ಒಳಗೆ ಬರುವ ಚಿತ್ರದ ಮಾತು, ಹೊರಗೆ ಹೋಗುವುದು 1080ಪಿ, ಅದೂ 30 ಫ್ರೇಮು ಎಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು. ನಾನು ಹಿಂಬದಿ ಓದುವ ಜಾತಿಯವನಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಯಾರೋ ಬಿಸಾಡಿದ್ದ, ಮದರ್‌ಬೋರ್ಡ್ ಸತ್ತ ಲ್ಯಾಪ್‌ಟಾಪಿನ ಪರದೆ ಬಿಚ್ಚಿ ಕಂಟ್ರೋಲರ್ ಬೋರ್ಡ್ ಹಾಕಿ ಮಾನಿಟರ್ ಮಾಡಲು ಹೊರಟೆ. ಈ ದಾರಿ ನಿಜಕ್ಕೂ ಒಳ್ಳೆಯದೇ, ಮಾಡಿ ಗೆದ್ದವರು ಬೇಕಾದಷ್ಟಿದ್ದಾರೆ. ಆದರೆ ಪ್ಯಾನೆಲ್ಲಿನ ಹಿಂದೆ ಅಂಟಿಸಿದ ನಂಬರ್ ನೋಡಿ, ಅದಕ್ಕೇ ಪ್ರೋಗ್ರಾಂ ಮಾಡಿದ ಬೋರ್ಡ್ ತರಬೇಕು. ನಾನು ಟೇಪು ಹಿಡಿದು ಇಂಚು ಅಳೆದು ಆರ್ಡರ್ ಮಾಡಿದೆ. ಪರದೆ ಬೆಳಗಿತು, ಬರೀ ಅಡ್ಡಗೆರೆ. ಬಿಚ್ಚುವಾಗ ಕೇಬಲ್ಲನ್ನು ಪ್ಯಾನೆಲ್ಲಿಗೆ ಸಮಾನಾಂತರವಾಗಿ ಮೆಲ್ಲಗೆ ಸಾಕೆಟ್ಟಿನಿಂದ ಹೊರಕ್ಕೆ ಸರಿಸಿ ತೆಗೆಯಬೇಕಿತ್ತು. ಸಿಟ್ಟಿನಲ್ಲಿ ಮೇಲಕ್ಕೆ ಎಳೆದೆ, ಕೂದಲೆಳೆಯಂಥ ಪಿನ್ನುಗಳು ಮುರಿದವು.

ಇಷ್ಟರ ನಡುವೆ ಸೋನಿಯವರೇ ಉಚಿತವಾಗಿ ಕೊಟ್ಟಿದ್ದ ದಾರಿ ಕಣ್ಣಿಗೆ ಬಿದ್ದಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಬಂದ ಅಪ್‌ಡೇಟ್‌ನಿಂದಲೇ ಪಿಎಸ್4 ಆಟವನ್ನು ರಿಮೋಟ್ ಪ್ಲೇ ಮೂಲಕ ಲ್ಯಾಪ್‌ಟಾಪಿನಲ್ಲಿ ಆಡಬಹುದು. ಪಿಎಸ್4ನಿಂದ ರೂಟರಿಗೆ ಲ್ಯಾನ್ ಕೇಬಲ್ ಎಳೆದರೆ, ಸಾದಾ ಪಿಎಸ್4ನಲ್ಲಿ 720ಪಿ ಚಿತ್ರ ಬರುತ್ತದೆ. ಕಥೆ ಇರುವ, ನಿಧಾನದ ಆಟಗಳಿಗೆ ಸಾಕು. ಇಲ್ಲೂ ಸ್ವಲ್ಪ ತಡವಿದ್ದೇ ಇರುತ್ತದೆ, ಕ್ರಿಕೆಟ್ಟಿಗೆ ಹೇಳಿಸಿದ್ದಲ್ಲ. ಇದನ್ನು ಆನ್ ಮಾಡಲು ಕ್ಯಾಪ್ಚರ್ ಕಾರ್ಡೇ ಸಾಕಿತ್ತು, ಅದೂ ಹೊಳೆಯದೆ ಮತ್ತೊಮ್ಮೆ ಆಂಟಿಯ ಟಿವಿ ಮುಂದೆ ಕೂತೆ. ಆ ಹೊತ್ತಿಗೆ ಆ ಸೀರಿಯಲ್ಲಿನ ಸೊಸೆಯ ಕಷ್ಟಗಳೆಲ್ಲ ನನಗೆ ಬಾಯಿಪಾಠ.

ಕೊನೆಗೆ ಕೊಂಡದ್ದು ಎಚ್‌ಡಿಎಂಐ ಇನ್ ಇರುವ ಸೆಕೆಂಡ್ ಹ್ಯಾಂಡ್ ಮಾನಿಟರ್. ಎರಡು ಕೇಬಲ್, ಕಾರ್ಡು, ಬೋರ್ಡು ಎಲ್ಲ ಸೇರಿ ಆಗಿದ್ದ ಖರ್ಚಿಗೆ ಹೋಲಿಸಿದರೆ ಅದು ಅಗ್ಗವೇ. ಸ್ಪೀಕರ್ ಇರಲಿಲ್ಲ, ಬೇಕಾಗಲೂ ಇಲ್ಲ: ಪಿಎಸ್4ನ ಕಂಟ್ರೋಲರಿನಲ್ಲೇ ಇಯರ್‌ಫೋನ್ ಜ್ಯಾಕ್ ಇದೆ, ಸೆಟಿಂಗ್ಸ್‌ನಲ್ಲಿ ಎಲ್ಲ ಧ್ವನಿಯನ್ನೂ ಅಲ್ಲಿಗೇ ತಿರುಗಿಸಬಹುದು. ನೀವೂ ಕೊಳ್ಳುವುದಾದರೆ ವಿಜಿಎ ಮಾತ್ರ ಇರುವ ಹಳೆಯ ಮಾನಿಟರ್ ಬೇಡ, ಅದಕ್ಕೆ ಮತ್ತೊಂದು ಕನ್ವರ್ಟರ್ ಹುಡುಕಬೇಕಾಗುತ್ತದೆ. ಅಂಗಡಿಗೆ ಹೋಗುವಾಗ ಪಿಎಸ್4 ಅನ್ನೂ ಜೊತೆಗೇ ಒಯ್ಯಿರಿ, ಅಲ್ಲೇ ಹಾಕಿ ನೋಡಿ, ಚಿತ್ರ ಬಂದ ಮೇಲೆ ದುಡ್ಡು ಕೊಡಿ.