ಕೋವಿಗೆ ಹೂವು, ಬಾಂಬಿಗೆ?

ಕೈಲ್ ಮುಹೂರ್ತಕ್ಕೆಂದು ಹಾರಂಗಿಯ ಕೊಡವ ಗೆಳೆಯರ ಮನೆಗೆ ಹೋಗಿದ್ದೆ. ಕೋವಿಯನ್ನು ಒರೆಸಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ, ದೀಪದ ಮುಂದಿಟ್ಟಿದ್ದರು. ಬ್ರಿಟಿಷರ ಕಾಲದಿಂದಲೂ ಇವರ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ.

"ಹಾಗಾದರೆ ನೀವೂ ಪಂಚ ಮಹಾರಾಷ್ಟ್ರಗಳ ಪಂಕ್ತಿಯವರೇ!" ಎಂದು ಹಾಸ್ಯ ಮಾಡಿದೆ. 1967ಕ್ಕೆ ಮೊದಲು ಬಾಂಬು ಸಿಡಿಸಿದ ಐವರನ್ನು ಮಾತ್ರ ಅಣ್ವಸ್ತ್ರದ ಒಡೆಯರೆಂದು ಒಪ್ಪಿದ್ದು 1968ರ ಒಪ್ಪಂದ. ಪಂಕ್ತಿಭೇದವೆಂದು ನಾವು ಸಹಿ ಹಾಕಲಿಲ್ಲ.

ಗೆಳೆಯರ ತಾಯಿ ಕೇಳಿದರು: "ಮೇಷ್ಟ್ರೇ, ಆ ಬಾಂಬಿಗೆ ಪೂಜೆ ಯಾವತ್ತು?"

ನಾನು ಉತ್ತರಿಸಲಿಲ್ಲ. ಪೂಜೆ ನಾನೂ ಮಾಡಿದ್ದೆನಲ್ಲ! 1974ರ ಪೋಖರಣ್ ಪರೀಕ್ಷೆಯ ಮುಂದಾಳು ನಮ್ಮ ತುಮಕೂರಿನ ರಾಜಾ ರಾಮಣ್ಣ ಎಂದು ಬೀಗಿದವನು. 1998ರ ಮೇ ತಿಂಗಳಲ್ಲಿ, ವಿದ್ಯಾರ್ಥಿಯಾಗಿ, ಬೀದಿಯಲ್ಲಿ ಪೇಡೆ ಹಂಚಿದವನು.

ಆದರೆ ವಿಷಾನಿಲಕ್ಕೆ ಪೇಡೆ ಹಂಚಿದವರುಂಟೇ? ಅದೂ ನಮ್ಮಲ್ಲಿತ್ತು. ಎಲ್ಲರಿಗೂ ಒಂದೇ ನಿಷೇಧವೆಂಬ ಒಪ್ಪಂದಕ್ಕೆ ಸೇರಿ, 2009ರ ಹೊತ್ತಿಗೆ ನಾಶಮಾಡಿ ಮುಗಿಸಿದೆವು. ಮಾನವಂತರು ಇಟ್ಟುಕೊಳ್ಳಬಾರದ ವಸ್ತು ಅದೆಂದು ಲೋಕವೇ ತೀರ್ಮಾನಿಸಿತ್ತು. ಬಾಂಬಿಗೂ ಅದೇ ಕಳಂಕ ಹಚ್ಚಲು 2017ರಲ್ಲಿ 122 ದೇಶಗಳು ಮತವಿತ್ತವು. ಆ ಒಪ್ಪಂದ 2021ರ ಜನವರಿಯಲ್ಲಿ ಜಾರಿಗೆ ಬಂತು. ಬಾಂಬುಳ್ಳ ಒಂದು ದೇಶವೂ ಸಹಿ ಹಾಕಿಲ್ಲ, ನಾವೂ ಇಲ್ಲ.

ಸಹಿಯಿಲ್ಲದ ಕಾಗದ ಬಾಂಬನ್ನು ಕಟ್ಟಿಹಾಕದು, ನಿಜ. ಪೇಡೆ ಹಂಚುವ ಕೈಯನ್ನಾದರೂ ತಡೆದೀತೇ? ನನ್ನದೇ ಕೈಯನ್ನು ನೋಡಿಕೊಂಡೆ. ಅದರಲ್ಲಿ ಆ ತಾಯಿ ಕೊಟ್ಟ ತೋಕ್ ಪೂ ಇತ್ತು.